ಸಂಪಾದಕರ ಉತ್ತರ: 40 ನಿಮಿಷದ ಬಿಡುವಿನಲ್ಲಿ ಊಟ

ಓದುಗರ ಪತ್ರ (ಸಂಕ್ಷಿಪ್ತವಾಗಿ): “ನಮ್ಮ ಕಾಲೇಜಿಗೆ ಹಾಸ್ಟೆಲ್ ಇಲ್ಲ, ಎಲ್ಲರೂ ದಿನಾ ಹೋಗಿಬರುವವರೇ. ನಾನು ಬೆಳಿಗ್ಗೆ 6.30ಕ್ಕೆ ಮನೆ ಬಿಡುತ್ತೇನೆ. ಮಧ್ಯಾಹ್ನ 1 ಗಂಟೆಗೆ 40 ನಿಮಿಷದ ಬಿಡುವು. ಅದು ಕ್ಯಾಂಟೀನಿನ ಸಾಲಿನಲ್ಲೇ ಕಳೆದುಹೋಗುತ್ತದೆ. ತಡವಾಗಿ ಹೋದರೆ ಊಟ ಮುಗಿದಿರುತ್ತದೆ. ಮನೆಯಿಂದ ಡಬ್ಬಿ ತಂದರೆ ಅಷ್ಟೊತ್ತಿಗೆ ಹಳಸಿರುತ್ತದೆ. ವಾರಕ್ಕೆ ಎರಡು ದಿನ ಮಧ್ಯಾಹ್ನ ಎರಡೆರಡು ಗಂಟೆ ಖಾಲಿ. ಕೊನೆಯ ಪೀರಿಯಡ್ ಮುಗಿದ ಕೂಡಲೇ ಎಲ್ಲರೂ ಬಸ್ಸಿಗೆ ಓಡುತ್ತಾರೆ. ವರ್ಷವಾದರೂ ಮಾತಿಗೆ ನಾಲ್ಕು ಜನ ಸಿಕ್ಕಿಲ್ಲ. ಮುಂದಿನ ಸೆಮಿಸ್ಟರಿಗೆ ಊಟದ ಪಾಸ್ ಕೊಳ್ಳಲೇ?” (ಪದವಿ ಎರಡನೆಯ ವರ್ಷದ ವಿದ್ಯಾರ್ಥಿನಿ)

ಪ್ರಿಯ ಓದುಗರೇ,

ಕ್ಯಾಂಟೀನಿನ ಬಗ್ಗೆ ಬರೆದ ಪತ್ರದಲ್ಲಿ ರುಚಿಯ ವಿಚಾರ ಒಂದು ಸಾಲೂ ಇಲ್ಲ. ನಿಮ್ಮ ದೂರೆಲ್ಲ ಗಡಿಯಾರದ ಮೇಲೆ, ಅದು ಸರಿಯಾಗಿಯೇ ಇದೆ. ಹಾಸ್ಟೆಲಿನವರಿಗೆ ಮಧ್ಯಾಹ್ನ ಊಟ ತಪ್ಪಿದರೆ ಕೋಣೆಗೆ ಹೋಗಿ ಏನಾದರೂ ತಿನ್ನಬಹುದು, ಸ್ನೇಹಿತರು ರಾತ್ರಿ ಸಿಗುತ್ತಾರೆ. ದಿನಾ ಹೋಗಿಬರುವವರಿಗೆ ಊಟ, ಹರಟೆ, ನೋಟ್ಸ್ ಬದಲಾಯಿಸಿಕೊಳ್ಳುವುದು ಎಲ್ಲವೂ ಅದೇ ಬಿಡುವಿನಲ್ಲಿ ಆಗಬೇಕು. ಆದ್ದರಿಂದ ಮೊದಲು ಆ 40 ನಿಮಿಷದ ಲೆಕ್ಕ.

ತರಗತಿಯಿಂದ ಕ್ಯಾಂಟೀನಿಗೆ 4 ನಿಮಿಷ, ವಾಪಸ್ಸಿಗೆ 4. ಗಬಗಬನೆ ನುಂಗದೆ ತಿನ್ನಲು 15. ಕೈ ತೊಳೆಯಲು, ಜಾಗ ಹುಡುಕಲು, ತಟ್ಟೆ ಇಡಲು 5. ಇಷ್ಟಕ್ಕೇ 28 ಆಯಿತು. ಸಾಲಿಗೆ ಉಳಿದದ್ದು 12. ಈಗ ಕ್ಯಾಂಟೀನಿನ ಕಡೆ ನೋಡಿ. ಗಂಟೆ ಹೊಡೆದ ಕೂಡಲೇ 90 ಜನ ಬಂದರು, ಬಿಲ್ ಕೌಂಟರ್ ಒಂದೇ, ಒಬ್ಬರಿಗೆ 20 ಸೆಕೆಂಡ್ ಎಂದುಕೊಳ್ಳಿ. ಕೊನೆಯವರ ಬಿಲ್ ಆಗುವಾಗ 30 ನಿಮಿಷ ಕಳೆದಿರುತ್ತದೆ. ಅಂದರೆ ಮೊದಲ 36 ಜನರಿಗೆ ಮಾತ್ರ ನೆಮ್ಮದಿಯ ಊಟ. ಉಳಿದವರು ಒಂದೋ ಊಟ ಬಿಡಬೇಕು, ಇಲ್ಲವೇ ಮುಂದಿನ ಪೀರಿಯಡ್‌ಗೆ ತಡವಾಗಿ ಹೋಗಬೇಕು.

ಸಾಲಿಗೆ ಸೇರುವ ಮುಂಚೆ ಒಂದು ನಿಮಿಷ ನಿಂತು ಎಷ್ಟು ಜನರ ಬಿಲ್ ಆಗುತ್ತದೆ ಎಂದು ಎಣಿಸಿ. ನಿಮ್ಮ ಮುಂದಿರುವವರ ಸಂಖ್ಯೆಯನ್ನು ಅದರಿಂದ ಭಾಗಿಸಿ. ಮುಂದೆ 24 ಜನ, ನಿಮಿಷಕ್ಕೆ 3 ಜನ ಎಂದರೆ 8 ನಿಮಿಷ, ನಿಲ್ಲಬಹುದು. ಮುಂದೆ 45 ಜನ ಇದ್ದರೆ 15 ನಿಮಿಷ. ಬೇಡ, ಚೀಲದಲ್ಲಿರುವುದನ್ನು ತಿನ್ನಿ. ಒಬ್ಬರು ನಿಂತು ಐದು ಜನರ ಊಟ ತರುವ ರೂಢಿ ಇರುವ ಕಡೆ ಜನರ ಬದಲು ತಟ್ಟೆಗಳನ್ನು ಎಣಿಸಬೇಕು, ಇಲ್ಲವಾದರೆ ಲೆಕ್ಕ ತಪ್ಪುತ್ತದೆ.

ಕಾಲೇಜಿನವರು ಸಾಮಾನ್ಯವಾಗಿ ಮಾಡುವ ರಿಪೇರಿ ಎಂದರೆ ಬಡಿಸಲು ಇನ್ನೊಬ್ಬರನ್ನು ಹಾಕುವುದು. ಬಿಲ್ಲಿಗೆ 20 ಸೆಕೆಂಡ್, ಬಡಿಸಲು 12 ಸೆಕೆಂಡ್ ಆಗುತ್ತಿರುವಾಗ ಇದರಿಂದ ಏನೂ ಬದಲಾಗುವುದಿಲ್ಲ. ಎರಡು ಕೆಲಸಗಳಲ್ಲಿ ಯಾವುದು ನಿಧಾನವೋ ಸಾಲಿನ ವೇಗ ಅದರದ್ದೇ. ಬೇಕಾದದ್ದು ಬೆಳಗಿನ ಟೋಕನ್: 10.30ರೊಳಗೆ ದುಡ್ಡು ಕೊಟ್ಟು ಟೋಕನ್ ತೆಗೆದುಕೊಂಡವರು ಮಧ್ಯಾಹ್ನ ನೇರವಾಗಿ ಬಡಿಸುವ ಕಡೆಗೆ ಹೋಗುತ್ತಾರೆ. ಆರ್ಡರ್ ಕೊಟ್ಟ ಮೇಲೆ ತಯಾರಿಸುವ ತಿಂಡಿಗಳಿಗೆ ಬೇರೆಯದೇ ಸಾಲು ಬೇಕು. ಅಂಥದ್ದೊಂದನ್ನು ಕೇಳಿದವರು ಮುಂದಿದ್ದರೆ ಹಿಂದಿನ ಹತ್ತು ಜನ ಸುಮ್ಮನೆ ನಿಲ್ಲುತ್ತಾರೆ. ಇನ್ನೂ ಒಳ್ಳೆಯದೆಂದರೆ ಅರ್ಧ ತರಗತಿಗಳಿಗೆ ಬಿಡುವನ್ನು 20 ನಿಮಿಷ ಮುಂದೆ ಹಾಕುವುದು. ಒಮ್ಮೆಗೆ 45 ಜನ ಬಂದರೆ ಕೊನೆಯವರ ಕಾಯುವಿಕೆ 15 ನಿಮಿಷಕ್ಕೆ ಇಳಿಯುತ್ತದೆ, ಹೊಸ ಕೌಂಟರಿನ ಖರ್ಚೂ ಇಲ್ಲ. ಪ್ರಾಂಶುಪಾಲರ ಬಳಿಗೆ ಹೋಗುವಾಗ “ಊಟದ ವ್ಯವಸ್ಥೆ ಸರಿಯಿಲ್ಲ” ಎನ್ನುವ ಅರ್ಜಿ ಬೇಡ, ಒಂದು ವಾರದ ಈ ಎಣಿಕೆಯನ್ನು ಒಯ್ಯಿರಿ.

ಊಟ ಬೇಗ ಮುಗಿಯುವುದಕ್ಕೆ ಕಾರಣ ಬೇರೆ. ಹಾಸ್ಟೆಲ್ ಇದ್ದರೆ ಅಡುಗೆಯವರಿಗೆ ಎಷ್ಟು ಬಾಯಿ ಎಂಬುದು ಗೊತ್ತು. ಇಲ್ಲಿ ಇಂದು ಯಾರಿಗೆ ಮಧ್ಯಾಹ್ನ ಲ್ಯಾಬ್ ಇದೆ, ಯಾರು ಟೆಸ್ಟ್ ಮುಗಿಸಿ 12ಕ್ಕೇ ಮನೆಗೆ ಹೋದರು ಎಂಬುದು ಅವರಿಗೆ ತಿಳಿಯುವುದಿಲ್ಲ. ಮಿಕ್ಕ ಅಡುಗೆಯನ್ನು ಮರುದಿನ ಮಾರುವಂತಿಲ್ಲ. ಹಾಗಾಗಿ ಗುತ್ತಿಗೆದಾರರು ಕಡಿಮೆ ಮಾಡಿ ಬೇಗ ಮುಗಿಸುವುದನ್ನೇ ಆರಿಸಿಕೊಳ್ಳುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ತರಗತಿಯ ಪ್ರತಿನಿಧಿಗಳು ಸೇರಿ, ಯಾವ ವಾರ ಮಧ್ಯಾಹ್ನದ ನಂತರ ಎಷ್ಟು ಜನ ಉಳಿಯುತ್ತಾರೆ ಎಂದು ಒಂದು ಹಾಳೆಯಲ್ಲಿ ಬರೆದು ಅಡುಗೆಮನೆಗೆ ಕೊಡಿ; ಟೆಸ್ಟ್ ಮತ್ತು ರಜೆಯ ದಿನಗಳನ್ನು ಒಂದು ವಾರ ಮೊದಲೇ ತಿಳಿಸಿ. ಬೆಳಗಿನ ಟೋಕನ್ ಇದ್ದರೆ ಆ ದಿನದ ಲೆಕ್ಕವೂ 10.30ಕ್ಕೇ ಕೈಗೆ ಸಿಗುತ್ತದೆ.

ಈಗ ಡಬ್ಬಿ. ನೀವು 6.30ಕ್ಕೆ ಕಟ್ಟಿದ್ದನ್ನು 1 ಗಂಟೆಗೆ ತೆರೆಯುತ್ತೀರಿ: ಆರೂವರೆ ಗಂಟೆ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಅನುಕೂಲ ಸಿಕ್ಕರೆ ಕೆಲವು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಬೇಯಿಸಿದ ಪದಾರ್ಥ ಈ ಶಾಖದಲ್ಲಿ ಎರಡು ಗಂಟೆಗಿಂತ ಹೆಚ್ಚು ಇರಬಾರದು, ಹೊರಗಿನ ಬಿಸಿ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಉಗುರುಬೆಚ್ಚಗಿರುವಾಗ ಮುಚ್ಚಳ ಬಿಗಿದು ಚೀಲಕ್ಕೆ ಹಾಕುವುದು ಎಲ್ಲಕ್ಕಿಂತ ಕೆಟ್ಟ ಪದ್ಧತಿ, ಬಹಳ ಮನೆಗಳಲ್ಲಿ ನಡೆಯುವುದೂ ಅದೇ. ಒಂದೋ ಸುಡುವಷ್ಟು ಬಿಸಿ, ಇಲ್ಲವೇ ಫ್ರಿಜ್ಜಿನ ತಂಪು, ನಡುವಿನದ್ದು ಬೇಡ.

ಬಿಸಿಯಾಗಿ ಒಯ್ಯುವುದಾದರೆ ಅಗಲ ಬಾಯಿಯ ನಿರ್ವಾತ ಫ್ಲಾಸ್ಕ್ ಬೇಕು. ಕುದಿಯುವ ನೀರು ತುಂಬಿ 10 ನಿಮಿಷ ಮುಚ್ಚಿಡಿ, ನೀರು ಚೆಲ್ಲಿ, ಹೊಗೆಯಾಡುವ ಅಡುಗೆಯನ್ನು ಕತ್ತಿನವರೆಗೆ ತುಂಬಿ ತಕ್ಷಣ ಮುಚ್ಚಿ. ಫ್ಲಾಸ್ಕ್ ಬಿಸಿ ಮಾಡದೆ ಹಾಕಿದರೆ ಒಳಗೋಡೆಯೇ ಶಾಖ ಹೀರಿಕೊಳ್ಳುತ್ತದೆ. ಅರ್ಧ ತುಂಬಿದರೆ ಬೇಗ ಆರುತ್ತದೆ. ಕಂಪನಿಯವರು “12 ಗಂಟೆ ಬಿಸಿ” ಎಂದು ಅಚ್ಚು ಹಾಕಿದ್ದನ್ನು ನಂಬಬೇಡಿ. ಒಂದು ರಜೆಯ ದಿನ ಹಾಗೆಯೇ ತುಂಬಿಟ್ಟು, ಆರೂವರೆ ಗಂಟೆಯ ಬಳಿಕ ಅಡುಗೆಯ ಥರ್ಮಾಮೀಟರ್ ಇಳಿಸಿ ನೋಡಿ. 60 ಡಿಗ್ರಿ ಅಥವಾ ಮೇಲಿದ್ದರೆ ಆ ಫ್ಲಾಸ್ಕ್ ನಿಮ್ಮ ಕೆಲಸಕ್ಕೆ ಆಗುತ್ತದೆ.

ತಂಪಾಗಿ ಒಯ್ಯುವುದಾದರೆ ಹಿಂದಿನ ರಾತ್ರಿಯೇ ಕೆಲಸ ಶುರು. ಅಡುಗೆಯನ್ನು 5 ಸೆಂಟಿಮೀಟರಿಗಿಂತ ತೆಳ್ಳಗೆ ಹರಡಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಬೆಳಿಗ್ಗೆ ಇನ್ಸುಲೇಟೆಡ್ ಚೀಲದಲ್ಲಿ ಡಬ್ಬಿಯ ಕೆಳಗೊಂದು ಮೇಲೊಂದು ಐಸ್ ಪ್ಯಾಕ್ ಇಡಿ. ಐಸ್ ಪ್ಯಾಕ್ ಇಲ್ಲದಿದ್ದರೆ ಮುಕ್ಕಾಲು ತುಂಬಿದ ನೀರಿನ ಪ್ಲಾಸ್ಟಿಕ್ ಬಾಟಲಿಯನ್ನು ಹೆಪ್ಪುಗಟ್ಟಿಸಿ ಇಡಬಹುದು. ಪೂರ್ತಿ ತುಂಬಿದರೆ ನೀರು ಹಿಗ್ಗಿ ಬಾಟಲಿ ಸೀಳುತ್ತದೆ. ಅನ್ನದ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಹೊರಗೇ ಉಳಿದರೆ ಅವು ಚಿಗುರಿ ವಾಂತಿ ತರಿಸುವ ವಿಷ ಬಿಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ವಾಸನೆ ನೋಡಿ ತೀರ್ಮಾನಿಸುವುದೂ ಸಲ್ಲದು. ಹಳಸಿದ ವಾಸನೆ ಬರುವ ಮೊದಲೇ ಅಡುಗೆ ಕೆಟ್ಟಿರಬಹುದು. ಇಷ್ಟೆಲ್ಲ ಆಗದ ದಿನ ಹುರಿದ ಬೀಜಗಳು, ಬ್ರೆಡ್, ಹೆಚ್ಚದ ಇಡೀ ಹಣ್ಣು ಸಾಕು. ಹೆಚ್ಚಿದ ಹಣ್ಣಿಗೆ ಮತ್ತೆ ಐಸ್ ಬೇಕು.

ಕಾಲೇಜಿನಲ್ಲಿ ಮೈಕ್ರೋವೇವ್ ಇಡಿಸಿ ಎಂಬ ಬೇಡಿಕೆ ಎಲ್ಲ ಕಡೆಯೂ ಇದೆ. ಒಬ್ಬರಿಗೆ 2 ನಿಮಿಷದಂತೆ 30 ಡಬ್ಬಿಗೆ ಒಂದು ಗಂಟೆ. ಅಲ್ಲಿಗೆ ಇನ್ನೊಂದು ಸಾಲು ಹುಟ್ಟಿತು ಅಷ್ಟೆ. ಇದ್ದರೆ ಬಳಸಿ: ಅಡುಗೆಯನ್ನು ಗಾಜಿನ ಡಬ್ಬಿಯ ಅಂಚಿಗೆ ಸರಿಸಿ ನಡುವೆ ಗುಳಿ ಮಾಡಿ, ಮುಚ್ಚಳ ಸಡಿಲಿಸಿ, ಅರ್ಧದಲ್ಲಿ ಒಮ್ಮೆ ಕಲಕಿ, ತೆಗೆದ ಮೇಲೆ ಒಂದು ನಿಮಿಷ ಬಿಡಿ. ಕಲಕದಿದ್ದರೆ ಅಂಚು ಕುದಿಯುತ್ತಿರುವಾಗ ನಡುವೆ ತಣ್ಣಗೇ ಉಳಿಯುತ್ತದೆ. ಸ್ಟೀಲ್ ಡಬ್ಬಿ ಒಳಗಿಡಬೇಡಿ.

6 ಗಂಟೆಗೆ ತಿಂಡಿ ತಿಂದವರು 1ರವರೆಗೆ ಖಾಲಿ ಹೊಟ್ಟೆಯಲ್ಲಿ ಕೂರುವುದು ಇನ್ನೊಂದು ತಪ್ಪು. 10.30ರ ಸಣ್ಣ ಬಿಡುವಿನಲ್ಲಿ ನಾಲ್ಕು ತುತ್ತು ತಿಂದರೆ ಮಧ್ಯಾಹ್ನ ಸಾಲಿಗೆ ಹೆದರಬೇಕಿಲ್ಲ. ಕಾಫಿಯಲ್ಲಿರುವ ಕೆಫೀನ್ ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು. ಬಸ್ಸಿನಲ್ಲಿ ನಿದ್ದೆ ಬಾರದಿರಲೆಂದು 5ಕ್ಕೆ ಕುಡಿದದ್ದರ ಅರ್ಧ ರಾತ್ರಿ 10ಕ್ಕೂ ಉಳಿದಿರುತ್ತದೆ. ಬೇಗ ಏಳಬೇಕಾದವರು 1 ಗಂಟೆಯ ನಂತರ ಬಿಟ್ಟರೆ ಒಳ್ಳೆಯದು. ನೀರಿನ ಬಾಟಲಿ ಖಾಲಿಯಾಗಿ ತಂದು ಕಾಲೇಜಿನಲ್ಲಿ ತುಂಬಿಕೊಂಡರೆ ಬೆನ್ನಿನ ಮೇಲೆ ಒಂದು ಕಿಲೋ ಕಡಿಮೆ. ಶೌಚಾಲಯ ಗಲೀಜೆಂದು ನೀರೇ ಕುಡಿಯದ ವಿದ್ಯಾರ್ಥಿನಿಯರು ಬಹಳ ಜನ. ಮಧ್ಯಾಹ್ನದ ಪೀರಿಯಡ್‌ಗಳ ತಲೆನೋವಿಗೆ ಕ್ಯಾಂಟೀನನ್ನು ದೂರುವ ಮೊದಲು ಆ ಶೌಚಾಲಯದ ಬಗ್ಗೆ ಅರ್ಜಿ ಕೊಡಬೇಕು.

ನಾಲ್ಕು ಜನ ಸಿಗದಿರುವ ಮಾತಿಗೆ ಬರೋಣ. ವಿದ್ಯಾರ್ಥಿ ಕಾಲೇಜಿನೊಳಗೆ ತೊಡಗಿಸುವ ಹೊತ್ತು ಮತ್ತು ಶಕ್ತಿಯ ಮೇಲೆ ಅವರ ಕಲಿಕೆ ನಿಂತಿದೆ ಎಂದು ಅಮೆರಿಕದ ಉನ್ನತ ಶಿಕ್ಷಣ ಸಂಶೋಧಕ ಅಲೆಕ್ಸಾಂಡರ್ ಆಸ್ಟಿನ್ 1984ರಲ್ಲಿ ವಾದಿಸಿದರು. ತಾನು ಇಲ್ಲಿ ಯಾರಿಗಾದರೂ ಲೆಕ್ಕಕ್ಕಿದ್ದೇನೆ ಎಂಬ ಭಾವನೆ ವಿದ್ಯಾರ್ಥಿಗೆ ಎಷ್ಟು ಮುಖ್ಯ ಎಂಬುದನ್ನು 1989ರಲ್ಲಿ ಅಲ್ಲಿನ ಆಪ್ತಸಮಾಲೋಚನೆಯ ಪ್ರಾಧ್ಯಾಪಕಿ ನ್ಯಾನ್ಸಿ ಶ್ಲಾಸ್‌ಬರ್ಗ್ ವಿವರಿಸಿದರು. ಹೋಗಿಬರುವ ಕಾಲೇಜುಗಳು ಎಡವುವುದು ಇಲ್ಲಿಯೇ: ಸಂಘ, ನಾಟಕ, ಚರ್ಚೆ ಎಲ್ಲವನ್ನೂ ಸಂಜೆ 5ಕ್ಕೆ, ಬಸ್ಸು ಹೊರಡುವ ಹೊತ್ತಿಗೆ ಇಡುತ್ತವೆ. ನಿಮ್ಮ ಕೈಯಲ್ಲಿರುವುದು ಆ ಎರಡು ಖಾಲಿ ಗಂಟೆಗಳು. ವಾರದ ಅದೇ ದಿನ, ಅದೇ ಹೊತ್ತು, ಕ್ಯಾಂಟೀನಿನ ಅದೇ ಮೇಜು ಎಂದು ಗೊತ್ತುಮಾಡಿ. ಗಂಟೆ ಹೊಡೆದು 25 ನಿಮಿಷ ಆದ ಮೇಲೆ ಹೋದರೆ ಮೇಜೂ ಸಿಗುತ್ತದೆ, ಸಾಲೂ ಚಿಕ್ಕದು. ಮೊದಲು ಕರೆಯಬೇಕಾದವರು ನಿಮ್ಮ ಬಸ್ಸಿನ ದಾರಿಯವರು, ಏಕೆಂದರೆ ಅವರ ಹೊತ್ತು ನಿಮ್ಮದಕ್ಕೆ ಹೊಂದುತ್ತದೆ. ಬರೀ ಹರಟೆ ಎಂದರೆ ಎರಡು ವಾರಕ್ಕೆ ಕರಗುತ್ತದೆ. 50 ನಿಮಿಷ ಒಂದು ವಿಷಯದ ಲೆಕ್ಕವನ್ನೋ ಹಳೆಯ ಪ್ರಶ್ನೆಪತ್ರಿಕೆಯನ್ನೋ ಬಿಡಿಸಿ ಆಮೇಲೆ ಊಟ ಎಂದರೆ ಜನ ಉಳಿಯುತ್ತಾರೆ. ಡಬ್ಬಿ ತಂದವರನ್ನು ಕ್ಯಾಂಟೀನಿನಲ್ಲಿ ಕೂರಲು ಬಿಡದ ಕಾಲೇಜುಗಳಿವೆ. ಕಿಕ್ಕಿರಿದ 20 ನಿಮಿಷ ಬಿಟ್ಟರೆ ಈ ನಿಯಮಕ್ಕೆ ಅರ್ಥವಿಲ್ಲ, ಅದನ್ನು ಸಡಿಲಿಸಲು ಕೇಳಿ.

ವೇಳಾಪಟ್ಟಿಯ ಆಯ್ಕೆ ನಿಮ್ಮದಾದರೆ ಎಲ್ಲ ತರಗತಿಗಳನ್ನೂ ಮೂರೇ ದಿನಕ್ಕೆ ತುಂಬಿಸಬೇಡಿ. ಪ್ರಯಾಣ ಉಳಿಯುತ್ತದೆ ನಿಜ, ಆದರೆ ಒಂದು ದಿನ ಜ್ವರ ಬಂದರೆ ವಾರದ ಮೂರನೇ ಒಂದು ಭಾಗ ಪಾಠ ಹೋಯಿತು, ಎರಡು ಟೆಸ್ಟ್ ಒಂದೇ ದಿನ ಬೀಳುತ್ತವೆ, ಊಟದ ಬಿಡುವು ಮೊದಲು ಮಾಯವಾಗುತ್ತದೆ.

ಪಾಸ್ ಕೊಳ್ಳುವ ಮುಂಚೆ ಅದರ ಬೆಲೆಯನ್ನು ಒಂದು ಬಿಡಿ ಊಟದ ಬೆಲೆಯಿಂದ ಭಾಗಿಸಿ. 60 ಊಟದ ಪಾಸಿಗೆ 48 ಬಿಡಿ ಊಟದ ಬೆಲೆ ಇದ್ದರೆ, 48 ಊಟ ಮಾಡಿದ ಮೇಲಷ್ಟೇ ಲಾಭ ಶುರು. 16 ವಾರದ ಸೆಮಿಸ್ಟರಿನಲ್ಲಿ ವಾರಕ್ಕೆ 3 ದಿನ ಊಟ ಮಾಡುವವರಿಗೆ ಹೆಚ್ಚೆಂದರೆ 48 ಆಗುತ್ತದೆ, ರಜೆ ಮತ್ತು ಟೆಸ್ಟ್ ಕಳೆದರೆ 40ರ ಆಸುಪಾಸು, ಅವರಿಗೆ ನಷ್ಟ. ವಾರಕ್ಕೆ 5 ದಿನ ತಿನ್ನುವವರು ಕೊಳ್ಳಬಹುದು. ಉಳಿದ ಊಟಗಳು ಮುಂದಿನ ಸೆಮಿಸ್ಟರಿಗೆ ದಾಟುತ್ತವೆಯೇ, ಊಟ ಮುಗಿದ ದಿನದ ಎಣಿಕೆ ಕಳೆಯುತ್ತಾರೆಯೇ, ಸಾಲು ತಪ್ಪುತ್ತದೆಯೇ ಎಂಬ ಮೂರನ್ನೂ ಬರಹದಲ್ಲಿ ಪಡೆಯಿರಿ. ಸಾಲು ತಪ್ಪದ ಪಾಸ್ ಆದರೆ ನಿಮಗೆ ಬೇಡ. ಖಾಲಿ ಗಂಟೆಗಳಿರುವ ಎರಡು ದಿನ ಬಿಡಿ ಊಟ, ಉಳಿದ ದಿನ ಡಬ್ಬಿ ಸಾಕು.

ಸಂಪಾದಕರು