ಜುಬೈಲಿಗೆ ಹೊರಟವರಿಗೆ: ವೈರ್‌ಲೆಸ್ ಕೋರ್ಸ್ ಎಷ್ಟು ಉಪಯೋಗಕ್ಕೆ ಬರುತ್ತದೆ?

ಮಂಗಳೂರಿನ ಬೈಕಂಪಾಡಿಯಲ್ಲಿ ಇನ್‌ಸ್ಟ್ರುಮೆಂಟೇಶನ್ (ಸ್ಥಾವರದ ಒತ್ತಡ, ಮಟ್ಟ ಅಳೆಯುವ ಉಪಕರಣಗಳ) ಕೆಲಸದಲ್ಲಿದ್ದೀರಿ, ಸೌದಿಯ ಕೈಗಾರಿಕಾ ನಗರ ಜುಬೈಲಿನಿಂದ ಆಫರ್ ಬಂದಿದೆ. ಅಲ್ಲಿನ ಬದುಕು ಹೇಗೆ, ಮಂಗಳೂರಿನಲ್ಲಿ ಮಾಡಿದ ವೈರ್‌ಲೆಸ್ ಕೋರ್ಸಿಗೆ, ಅಂದರೆ ಅಳತೆಗಳನ್ನು ಕೇಬಲ್ ಇಲ್ಲದೆ ರೇಡಿಯೊದಲ್ಲಿ ಕಳಿಸುವ ಕಲಿಕೆಗೆ, ಬೆಲೆಯಿದೆಯೇ ಎಂದು ಕೇಳಿದ್ದೀರಿ. ಉಡುಪಿ ಬಿಟ್ಟು ಇಲ್ಲಿ ನೆಲೆಯೂರಿದವನು ನಾನು. ಕೋರ್ಸಿನ ಮಾತನ್ನೇ ಮೊದಲು ಮುಗಿಸುತ್ತೇನೆ.

ಬೆಲೆಯಿದೆ, ಆದರೆ ನೀವು ಎಣಿಸಿದ ಕಡೆಯಲ್ಲಲ್ಲ. ಒತ್ತಡ ಏರಿದ ಕ್ಷಣವೇ ವಾಲ್ವ್ ಮುಚ್ಚಬೇಕಾದ ಜಾಗದಲ್ಲಿ ಇಂದಿಗೂ ಕೇಬಲ್ಲಿನದೇ ಯಜಮಾನಿಕೆ. ದೂರದ ಟ್ಯಾಂಕಿನ ಮಟ್ಟ, ಪಂಪಿನ ಬೇರಿಂಗ್ ಕಂಪನ, ಸೋರುವ ಸ್ಟೀಮ್ ಟ್ರ್ಯಾಪ್ (ಹಬೆಯ ಪೈಪಿನಿಂದ ನೀರನ್ನಷ್ಟೇ ಹೊರಬಿಡುವ ವಾಲ್ವ್) ಇಂಥವುಗಳ ಮೇಲೆ ಕಣ್ಣಿಡಲು ವೈರ್‌ಲೆಸ್. ಅಲ್ಲಿಯವರೆಗೆ ಕಂದಕ ತೋಡಿ, ಟ್ರೇ ಹಾಕಿ, ಪರ್ಮಿಟ್ ಪಡೆದು ಕೇಬಲ್ ಎಳೆಯುವ ಖರ್ಚು ಎಷ್ಟೋ ಸಲ ಉಪಕರಣದ ಬೆಲೆಯನ್ನೇ ಮೀರುತ್ತದೆ.

ಮಾರುವವರು ವೇಗದ ಬಗ್ಗೆ ಹೇಳುತ್ತಾರೆ. ಸ್ಥಾವರದವರು ಮೊದಲು ಕೇಳುವುದು ಬ್ಯಾಟರಿಯ ಬಗ್ಗೆ. ಕ್ಯಾಟಲಾಗಿನಲ್ಲಿ 10 ವರ್ಷ ಎಂದಿದ್ದರೆ ಅದು ಅಳತೆಯನ್ನು ನಿಧಾನವಾಗಿ, ನಿಮಿಷಕ್ಕೊಮ್ಮೆ ಕಳಿಸುವ ಲೆಕ್ಕದಲ್ಲಿರಬಹುದು. ಸೆಕೆಂಡಿಗೊಮ್ಮೆ ಕಳಿಸಿದರೆ, ಅದರ ಮೇಲೆ ಇಲ್ಲಿಯ ಬಿಸಿಲೂ ಸೇರಿದರೆ, ಆ ಲೆಕ್ಕ ತಲೆಕೆಳಗಾಗುತ್ತದೆ. ಸ್ಥಾವರ ನಿಲ್ಲಿಸಿ ದುರಸ್ತಿ ಮಾಡುವ ಮುಂದಿನ ಶಟ್‌ಡೌನ್‌ವರೆಗೆ ಬಾಳದ ಬ್ಯಾಟರಿ ಯಾರಿಗೂ ಬೇಡ.

ಇನ್ನೊಂದು ಹಳೆಯ ಬೇಡಿಕೆ, ಎಲ್ಲ ಕಂಪನಿಗಳ ಉಪಕರಣಗಳೂ ಒಂದೇ ಗೇಟ್‌ವೇಗೆ (ಅಳತೆಗಳನ್ನು ಒಟ್ಟುಗೂಡಿಸಿ ಕಂಟ್ರೋಲ್ ರೂಮಿಗೆ ದಾಟಿಸುವ ಪೆಟ್ಟಿಗೆಗೆ) ಸೇರಬೇಕು ಎಂಬುದು. 2007ರಲ್ಲಿ ವೈರ್‌ಲೆಸ್‌ಹಾರ್ಟ್ ಎಂಬ ಮಾನಕ ಬಂತು, 2009ರಲ್ಲಿ ಐಎಸ್‌ಎ100.11ಎ. ರೇಡಿಯೊ ಎರಡಕ್ಕೂ ಒಂದೇ, 2.4 ಗಿಗಾಹರ್ಟ್ಸಿನ ಐಇಇಇ 802.15.4 ಎಂಬ ಕಡಿಮೆ ವಿದ್ಯುತ್ತಿನ ಬಗೆ. ಆದರೂ ಒಂದರ ಮಾತು ಇನ್ನೊಂದಕ್ಕೆ ತಿಳಿಯದು. ಬಳಕೆದಾರರು ಒಂದು ಮಾನಕ ಕೇಳಿದರು, ಸಮಿತಿಗಳು ಎರಡು ಕೊಟ್ಟವು! ವೈ-ಫೈ ಓಡಾಡುವುದೂ ಇದೇ ಬ್ಯಾಂಡಿನಲ್ಲಿ. ಹಾಗಾಗಿ ಇವೆರಡೂ ಚಾನೆಲ್ ಬದಲಿಸುತ್ತ ಸಾಗುತ್ತವೆ, ಸಂದೇಶಗಳಿಗೆ 128 ಬಿಟ್ ಗೂಢಲಿಪಿಯ ರಕ್ಷಣೆಯಿದೆ.

ನಿಮ್ಮ ಕೋರ್ಸು ನಿಜವಾಗಿ ಕೈಹಿಡಿಯುವುದು ಶಟ್‌ಡೌನಿನ ಸಮಯದಲ್ಲಿ. ಪೈಪುಗಳ ಸಾಲಿನ ಸುತ್ತ ಸ್ಕ್ಯಾಫೋಲ್ಡಿಂಗ್ ಎದ್ದಿತೆಂದರೆ ನಿನ್ನೆಯವರೆಗೆ ಚೆನ್ನಾಗಿದ್ದ ಸಿಗ್ನಲ್ ಕಬ್ಬಿಣದ ಕಾಡಿನಲ್ಲಿ ಸಿಲುಕುತ್ತದೆ. ಅಕ್ಕಪಕ್ಕ ಮೂರು ಉಪಕರಣಗಳಾದರೂ ಇದ್ದರೆ ಮೆಶ್ (ಒಂದರ ಸಂದೇಶವನ್ನು ಇನ್ನೊಂದು ದಾಟಿಸುವ ಜಾಲ) ತಾನೇ ಬೇರೆ ದಾರಿ ಹಿಡಿಯುತ್ತದೆ. ಹಣ ಉಳಿಸಲು ಒಂದನ್ನೇ ಹಾಕಿದ್ದರೆ, ರಾತ್ರಿ ಪಾಳಿಯ ಆಪರೇಟರ್ ಫೋನ್ ಮಾಡಿ ಕೇಳುತ್ತಾನೆ: "ಪರದೆಯಲ್ಲಿರುವ ಈ ಅಂಕಿ ಈಗಿನದೋ, ಅರ್ಧ ಗಂಟೆ ಹಿಂದಿನದೋ?" ಅಳತೆ ಹಳತಾಗಿದ್ದರೆ ಹಳತೆಂದು ಪರದೆ ತೋರಿಸಲೇಬೇಕು. ಅದು ತೋರಿಸದ ಜಾಲವನ್ನು ಅವನು ಮತ್ತೆ ನಂಬುವುದಿಲ್ಲ ಮಾರಾಯರೇ, ನೀವು ಎಷ್ಟೇ ಚಾರ್ಟ್ ತೋರಿಸಿ.

ಇನ್ನು ಬದುಕು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 3ರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ, ಅದು ಇಲ್ಲಿಯ ಕಾನೂನು. ಆದ್ದರಿಂದ ಟ್ಯಾಂಕ್ ಹತ್ತುವ ಕೆಲಸವೆಲ್ಲ ಬೆಳಗ್ಗೆಯೇ. ಬೇಗ ಏಳುವ ಅಭ್ಯಾಸ ಊರಿನಲ್ಲೇ ಮಾಡಿಕೊಳ್ಳಿ. ಸೆಕೆ ನಮ್ಮ ಕರಾವಳಿಯದ್ದೇ ಜಾತಿ, ಮಳೆ ಮಾತ್ರ ಇಲ್ಲ. ರಜೆ ಶುಕ್ರವಾರ, ಶನಿವಾರ. ಕುಚ್ಚಲಕ್ಕಿಗೆ ಚಿಂತೆ ಬೇಡ, ಕೇರಳದವರ ಅಂಗಡಿಗಳಿವೆ.

ಸಹಿ ಹಾಕುವ ಮುನ್ನ ಎರಡು ವಿಷಯಗಳನ್ನು ಬರವಣಿಗೆಯಲ್ಲಿ ಪಡೆಯಿರಿ: ಕುಟುಂಬವನ್ನು ಕರೆತರುವ ಅವಕಾಶವಿದೆಯೇ, ರಾತ್ರಿ ಕರೆದರೆ ಓವರ್‌ಟೈಮ್ ಸಿಗುತ್ತದೆಯೇ. ಎರಡನೆಯದು ಏಕೆಂದು ಆ ಆಪರೇಟರ್ ಮೊದಲ ಸಲ ಫೋನ್ ಮಾಡಿದಾಗ ತಿಳಿಯುತ್ತದೆ.