ಸಿಡಿಲಿನ ಅಪಾಯ: ನಕ್ಷೆಯಲ್ಲಿ ಮೊದಲು ಜನರನ್ನು ಗುರುತಿಸಿ

ಪ್ರಶ್ನೆ: ನಮ್ಮ ಸ್ಥಳೀಯ ವಿಪತ್ತು ನಿರ್ವಹಣಾ ಯೋಜನೆಯನ್ನು ಪರಿಷ್ಕರಿಸುವ ತಂಡದಲ್ಲಿ ನಾನೂ ಇದ್ದೇನೆ. ಹತ್ತು ವರ್ಷಗಳಲ್ಲಿ ಸಿಡಿಲಿಗೆ ಬಲಿಯಾದವರು ಒಬ್ಬರೇ ಎಂದು ಸಿಡಿಲನ್ನು ‘ಕಡಿಮೆ ಅಪಾಯ’ದ ಸಾಲಿಗೆ ತಳ್ಳಿದ್ದಾರೆ. ಉಪಗ್ರಹ ಆಧಾರಿತ ನಕ್ಷೆಯಲ್ಲಿ ನೋಡಿದರೆ ನಮ್ಮ ಪ್ರದೇಶ ಕಡುಗೆಂಪಾಗಿದೆ. ಯಾವುದನ್ನು ನಂಬಬೇಕು? ಶಾಲೆಯ ಮೇಲೆ ಮಿಂಚುವಾಹಕವಿದೆ, ಅದು ಸಾಲದೇ?

ಉತ್ತರ: ಎರಡನ್ನೂ ಪೂರ್ತಿ ನಂಬಬೇಡಿ. ಪ್ರವಾಹ ಒಂದೇ ಏಟಿಗೆ ಹತ್ತಾರು ಜನರನ್ನು ಕೊಂಡೊಯ್ದು ದಾಖಲೆಗೆ ಸೇರುತ್ತದೆ. ಸಿಡಿಲು ಇಂದು ಇಲ್ಲೊಬ್ಬರು, ನಾಳೆ ಅಲ್ಲೊಬ್ಬರು ಎಂಬಂತೆ ಕೊಲ್ಲುತ್ತದೆ. ಸಣ್ಣ ಪ್ರದೇಶದ ಹತ್ತು ವರ್ಷಗಳ ಲೆಕ್ಕದಲ್ಲಿ ಒಂದು ಸಾವು ಎನ್ನುವುದು ಅದೃಷ್ಟದ ಆಟವೂ ಆಗಿರಬಹುದು. ಸುತ್ತಲಿನ ಇದೇ ಬಗೆಯ ಪ್ರದೇಶಗಳ ದಾಖಲೆಗಳನ್ನು ಒಟ್ಟುಗೂಡಿಸಿ, ಗಾಯಗೊಂಡವರನ್ನೂ ಎಣಿಸಿ. ಸಿಡಿಲು ತಗುಲಿದ ಹೆಚ್ಚಿನವರು ಬದುಕುತ್ತಾರೆ, ಆದರೆ ಮರೆವು, ಮಾಯದ ನೋವು, ಖಿನ್ನತೆಗಳೊಂದಿಗೆ. ಸಾವನ್ನಷ್ಟೇ ಎಣಿಸುವ ಕೋಷ್ಟಕಕ್ಕೆ ಇವರು ಕಾಣುವುದೇ ಇಲ್ಲ.

ಇನ್ನು ಆ ಕೆಂಪು ನಕ್ಷೆ. ಉಪಗ್ರಹದ ಕಣ್ಣಿಗೆ ಮೋಡದೊಳಗಿನ ಮಿಂಚೂ ಒಂದೇ, ನೆಲಕ್ಕೆ ಅಪ್ಪಳಿಸುವ ಸಿಡಿಲೂ ಒಂದೇ. ನೆಲ ಮುಟ್ಟುವುದು ಒಟ್ಟು ಮಿಂಚಿನ ಸಣ್ಣ ಪಾಲು ಮಾತ್ರ. ನಿಮಗೆ ಬೇಕಾದದ್ದು ಒಂದು ಚದರ ಕಿಲೋಮೀಟರಿಗೆ ವರ್ಷಕ್ಕೆ ಎಷ್ಟು ಸಿಡಿಲು ಬೀಳುತ್ತದೆ ಎಂಬ ಅಂಕಿ. ನೆಲದ ಮೇಲಿನ ಸಂವೇದಕ ಜಾಲದಿಂದ ಅದು ಸಿಗುತ್ತದೆ. ಸಿಗದಿದ್ದರೆ ಹಳೆಯ ಉಪಾಯವೊಂದಿದೆ: ವರ್ಷದಲ್ಲಿ ಗುಡುಗು ಕೇಳಿದ ದಿನಗಳ ಸಂಖ್ಯೆಯನ್ನು 10ರಿಂದ ಭಾಗಿಸಿ. 80 ದಿನ ಗುಡುಗಿದರೆ ಚದರ ಕಿಲೋಮೀಟರಿಗೆ ಸುಮಾರು 8. ಒರಟು ಅಂದಾಜು ನಿಜ, ಆದರೂ ಬಣ್ಣ ನೋಡಿ ಬೆಚ್ಚಿಬೀಳುವುದಕ್ಕಿಂತ ಮೇಲು.

ಇಷ್ಟಾದರೂ ನಿಮ್ಮ ಕೈಗೆ ಬಂದಿರುವುದು ಅರ್ಧ ಉತ್ತರ. 1940ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಸಿಡಿಲಿಗೆ ವರ್ಷಕ್ಕೆ 300ಕ್ಕೂ ಹೆಚ್ಚು ಜನ ಸಾಯುತ್ತಿದ್ದರು. ಈಗ 30 ದಾಟುವುದು ಅಪರೂಪ. ಆಕಾಶವೇನೂ ತಣ್ಣಗಾಗಲಿಲ್ಲ. ಜನ ಹೊಲ ಬಿಟ್ಟು, ವೈರಿಂಗ್ ಮತ್ತು ಲೋಹದ ಕೊಳವೆಗಳಿರುವ ಕಟ್ಟಡಗಳೊಳಗೆ ಸೇರಿದರು. ಗೋಡೆಯೊಳಗಿನ ಆ ತಂತಿ, ಕೊಳವೆಗಳು ಸಿಡಿಲನ್ನು ನೆಲಕ್ಕೆ ಸಾಗಿಸುತ್ತವೆ. ಇದಕ್ಕೆ ವ್ಯತಿರಿಕ್ತವಾಗಿ, 1975ರಲ್ಲಿ ಇಂದಿನ ಜಿಂಬಾಬ್ವೆಯಲ್ಲಿ ಒಂದೇ ಗುಡಿಸಲಿನಲ್ಲಿ ಆಶ್ರಯ ಪಡೆದಿದ್ದ 21 ಮಂದಿ ಒಂದೇ ಸಿಡಿಲಿಗೆ ಬಲಿಯಾದರು. ತಲೆಯ ಮೇಲೆ ಸೂರಿದ್ದರೆ ಸಾಲದು.

ಹಾಗಾಗಿ ಮೊದಲು ಗುರುತಿಸಬೇಕಾದದ್ದು, ಗುಡುಗುವ ತಿಂಗಳುಗಳ ಮಧ್ಯಾಹ್ನ ಮತ್ತು ಸಂಜೆ ಯಾರು ಎಲ್ಲಿರುತ್ತಾರೆ ಎಂಬುದನ್ನು. ಕೃಷಿ ಕೂಲಿಕಾರರು, ದನ ಕಾಯುವವರು, ದೋಣಿಯಲ್ಲಿರುವವರು, ಮೈದಾನದಲ್ಲಿ ಆಡುವ ಮಕ್ಕಳು. ಆಮೇಲೆ ಲೆಕ್ಕ ಹಾಕಿ: ಗುಡುಗು ಸುಮಾರು 15 ಕಿ.ಮೀ. ದೂರದವರೆಗೆ ಕೇಳುತ್ತದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಬರುವ ಮಳೆಮೋಡ ಇಪ್ಪತ್ತು ಚಿಲ್ಲರೆ ನಿಮಿಷಗಳಲ್ಲಿ ತಲೆಯ ಮೇಲಿರುತ್ತದೆ. ಆದರೆ ಸಿಡಿಲು ಮೋಡಕ್ಕಿಂತ ಕಿಲೋಮೀಟರುಗಟ್ಟಲೆ ಮುಂದೆಯೂ ಬೀಳಬಲ್ಲದು. ಆದ್ದರಿಂದ ಅದರ ಅರ್ಧ, ಹತ್ತು ನಿಮಿಷ ಎಂದೇ ಇಟ್ಟುಕೊಳ್ಳಿ. ಹತ್ತು ನಿಮಿಷದ ನಡಿಗೆ ಎಂದರೆ ಸುಮಾರು 800 ಮೀಟರ್, ವಯಸ್ಸಾದವರಿಗೆ ಇನ್ನೂ ಕಡಿಮೆ. ಪ್ರತಿ ಸುರಕ್ಷಿತ ಕಟ್ಟಡದ ಸುತ್ತ ಆ ಅಳತೆಯ ವೃತ್ತ ಎಳೆಯಿರಿ. ವೃತ್ತದ ಹೊರಗೆ ಉಳಿದವರೇ ನಿಮ್ಮ ಯೋಜನೆಯ ಮೊದಲ ಪುಟ. ಅವರಿಗಾಗಿ ಆಶ್ರಯ ಕಟ್ಟಬೇಕೋ, ಕೆಲಸದ ಹೊತ್ತು ಬದಲಿಸಬೇಕೋ, ಸೈರನ್ ಸಾಕೋ ಎಂಬ ಚರ್ಚೆ ಅಲ್ಲಿಂದ ಶುರುವಾಗಲಿ. ಮೊಬೈಲ್ ಸಂದೇಶವೊಂದನ್ನೇ ನೆಚ್ಚಿಕೊಂಡ ಯೋಜನೆಗಳ ಬಗ್ಗೆ ನನಗೆ ಅನುಮಾನ. ಗದ್ದೆಗಿಳಿದವರ ಫೋನ್ ಹೆಚ್ಚಾಗಿ ಬದುವಿನ ಮೇಲಿನ ಚೀಲದಲ್ಲಿರುತ್ತದೆ.

ಮಿಂಚುವಾಹಕ ಸರಿಯಾಗಿ ಅಳವಡಿಸಿದ್ದರೆ ಶಾಲೆಯ ಕಟ್ಟಡವನ್ನು ಕಾಯುತ್ತದೆ, ಎದುರಿನ ಮೈದಾನವನ್ನಲ್ಲ. ನೆಲಕ್ಕಿಳಿಯುವ ತಂತಿ ತುಂಡಾಗಿದೆಯೇ, ಭೂಸಂಪರ್ಕ ತುಕ್ಕು ಹಿಡಿದಿದೆಯೇ ಎಂದು ಪರೀಕ್ಷಿಸುವ ಹೊಣೆ ಯಾರದು ಎಂಬುದನ್ನೂ ಯೋಜನೆಯಲ್ಲಿ ಬರೆಯಿರಿ.

ಪ್ರಶ್ನೆ: ಸಿಡಿಲು ಬಡಿದವರನ್ನು ಮುಟ್ಟಿದರೆ ಶಾಕ್ ಹೊಡೆಯುತ್ತದೆಯೇ?

ಉತ್ತರ: ಇಲ್ಲ. ದೇಹದಲ್ಲಿ ವಿದ್ಯುತ್ ಉಳಿದಿರುವುದಿಲ್ಲ. ಸಾವಿಗೆ ಸಾಮಾನ್ಯ ಕಾರಣ ಹೃದಯ ಮತ್ತು ಉಸಿರಾಟ ನಿಲ್ಲುವುದು. ಆಂಬ್ಯುಲೆನ್ಸ್‌ಗೆ ಕರೆ ಮಾಡಿ, ಉಸಿರಿಲ್ಲದಿದ್ದರೆ ತಡಮಾಡದೆ ಎದೆ ಒತ್ತಿ ಕೃತಕ ಉಸಿರು ಕೊಡಿ. ಹಲವರಿಗೆ ತಗುಲಿದ್ದರೆ ನರಳುತ್ತಿರುವವರನ್ನು ಬಿಟ್ಟು ಮೊದಲು ಸತ್ತಂತೆ ಬಿದ್ದಿರುವವರ ಬಳಿಗೆ ಹೋಗಿ; ನರಳುವವರು ಉಸಿರಾಡುತ್ತಿದ್ದಾರೆ. ಗುಡುಗು ಇನ್ನೂ ಕೇಳುತ್ತಿದ್ದರೆ ನಿಮ್ಮ ಸುರಕ್ಷತೆಯನ್ನೂ ನೋಡಿಕೊಳ್ಳಿ. ಕೊನೆಯ ಗುಡುಗಿನ ನಂತರ 30 ನಿಮಿಷ ಕಳೆಯುವವರೆಗೆ ಬಯಲು ಸುರಕ್ಷಿತವಲ್ಲ.