ವಾಚ್ ಬಿಚ್ಚಿಟ್ಟು ನಡೆಯಿರಿ

ಪ್ರಶ್ನೆ: ನನಗೀಗ 5 ತಿಂಗಳು ತುಂಬಿದೆ. ದಿನಾ ಸಂಜೆ ಬಿರುಸಾಗಿ ನಡೆಯುತ್ತೇನೆ. ಹಾರ್ಟ್ ರೇಟ್ 140 ದಾಟಿದರೆ ಮಗುವಿಗೆ ಆಕ್ಸಿಜನ್ ಸಿಗಲ್ಲ, ತಕ್ಷಣ ನಿಲ್ಲಿಸಿ ಅಂತ ಜಿಮ್ ಟ್ರೇನರ್ ಹೇಳುತ್ತಾರೆ. ನಿಜವಾ ಡಾಕ್ಟ್ರೇ?

ಉತ್ತರ: ಈ ಪ್ರಶ್ನೆ ಎಷ್ಟನೇ ಸಲವೋ, ಲೆಕ್ಕ ಇಡೋದು ಬಿಟ್ಟಿದ್ದೇನೆ. 140 ಅನ್ನೋದು 1985ರಲ್ಲಿ ಅಮೆರಿಕದ ಪ್ರಸೂತಿ ತಜ್ಞರ ಸಂಘ ಹಾಕಿದ ಗೆರೆ. 1994ರಲ್ಲಿ ಅವರೇ ಅದನ್ನು ಅಳಿಸಿದರು. ನಿಮ್ಮ ಟ್ರೇನರ್ ಆಗ ಹುಟ್ಟಿದ್ದರೋ ಇಲ್ಲವೋ!

ಬಸುರಿಯ ಮೈಯಲ್ಲಿ ರಕ್ತವೇ ಶೇ. 40-50ರಷ್ಟು ಜಾಸ್ತಿಯಾಗುತ್ತದೆ. ಅಷ್ಟನ್ನೂ ತಳ್ಳಬೇಕಲ್ಲ, ಹಾಗಾಗಿ ಸುಮ್ನೆ ಕೂತಿದ್ದರೂ ಎದೆಬಡಿತ ನಿಮಿಷಕ್ಕೆ 10-20 ಹೆಚ್ಚೇ ಇರುತ್ತದೆ, ಅದೂ ಒಬ್ಬೊಬ್ಬರಿಗೆ ಒಂದೊಂದು ಥರ. ಎಲ್ಲರಿಗೂ ಒಂದೇ ನಂಬರ್ ಹೇಗೆ ಹೊಂದುತ್ತದೆ?

ಹೋದ ವಾರ ಬಂದಿದ್ದ ಒಬ್ಬಾಕೆ, 140 ದಾಟಿತು ಅಂತ ವಾಚ್ ಗುಂಯ್ ಅಂದಾಗಲೆಲ್ಲ ಪಾರ್ಕಿನ ಬೆಂಚಿನಲ್ಲಿ ಕೂತುಬಿಡುತ್ತಿದ್ದರಂತೆ. ಅರ್ಧ ಗಂಟೆಯಲ್ಲಿ ಹತ್ತು ನಿಮಿಷವೂ ನಡೆದಿಲ್ಲ. ವಾಚ್ ಬಿಚ್ಚಿಸಿ, ನಮ್ಮ ಕಾರಿಡಾರಿನಲ್ಲೇ ಜೊತೆಗೆ ಬಿರಬಿರನೆ ನಡೆಸಿದೆ. ಬೆಳಗ್ಗೆ ಏನು ತಿಂಡಿ ಅಂದೆ. ಅಕ್ಕಿ ರೊಟ್ಟಿ, ಅತ್ತೆ ಮಾಡಿದ್ದು, ಚಟ್ನಿಗೆ ಉಪ್ಪು ಜಾಸ್ತಿ ಅಂತ ದೂರು ಪೂರ್ತಿ ಹೇಳಿ ಮುಗಿಸಿದರು. ಈಗ ಒಂದು ಹಾಡು ಹೇಳಿ ಅಂದರೆ ಒಂದೂವರೆ ಸಾಲಿಗೆ ಏದುಸಿರು. ಬೇಕಾದ್ದು ಅಷ್ಟೇ. ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು. ಮಾತು ತುಂಡು ತುಂಡಾದರೆ ನಿಧಾನ ಮಾಡಿ.

ಹೀಗೆ ವಾರಕ್ಕೆ 150 ನಿಮಿಷ ಸಾಕು. ತಿಂಡಿ, ಊಟ, ರಾತ್ರಿ ಊಟ ಆದಮೇಲೆ ಹತ್ತತ್ತು ನಿಮಿಷ, ವಾರಕ್ಕೆ ಐದು ದಿನ ನಡೆದರೂ ಲೆಕ್ಕ ಸರಿಹೋಗುತ್ತದೆ. ಶುಗರ್ ಇರುವವರಿಗಂತೂ ಇದೇ ಒಳ್ಳೆಯದು. ಕಲಬುರಗಿ, ರಾಯಚೂರು ಕಡೆಯವರು ಏಪ್ರಿಲ್-ಮೇನಲ್ಲಿ ಮಧ್ಯಾಹ್ನದ ನಡಿಗೆಯನ್ನು ಮನೆಯೊಳಗೇ ಮುಗಿಸಿ.

ಅಷ್ಟೊಂದು ನಂಬರ್ ನೋಡೋ ಆಸೆ ಇದ್ದರೆ ತಾಯಿ ಕಾರ್ಡ್ ತೆಗೆದು ಎಚ್‌ಬಿ (ಹಿಮೋಗ್ಲೋಬಿನ್) ನೋಡಿ. 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. 7ಕ್ಕಿಂತ ಕೆಳಗಿದ್ದರೆ ವಾಕಿಂಗ್ ಆಮೇಲೆ, ಮೊದಲು ಚಿಕಿತ್ಸೆ. ಐರನ್ ಮಾತ್ರೆಯನ್ನು ದಿಂಬಿನ ಕೆಳಗೆ ಬಚ್ಚಿಟ್ಟು ಹಾರ್ಟ್ ರೇಟ್ ಬಗ್ಗೆ ಕೇಳುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಕಾಫಿ ಜೊತೆ ನುಂಗುವವರೂ ಅಷ್ಟೇ.

ಪ್ಲಾಸೆಂಟಾ (ಮಾಸು) ಕೆಳಗಿದೆ, ಬಿಪಿ ಏರಿದೆ, ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿದ್ದಾರೆ ಅಂದರೆ ಇದ್ಯಾವುದೂ ನಿಮಗಲ್ಲ, ನಿಮ್ಮ ಡಾಕ್ಟರನ್ನೇ ಕೇಳಿ. ನಡೆಯುವಾಗ ರಕ್ತ ಕಂಡರೆ, ನೀರು ಹೋದರೆ, ಎದೆ ನೋವು ಬಂದರೆ, ತಲೆ ಸುತ್ತಿದರೆ, ಒಂದೇ ಕಾಲಿನ ಮೀನಖಂಡ ಊದಿ ನೋವಾದರೆ, ಹೊಟ್ಟೆ ಬಿಟ್ಟುಬಿಟ್ಟು ಬಿಗಿಯಾದರೆ ಸೀದಾ ಆಸ್ಪತ್ರೆಗೆ ಹೋಗಿ. ನನಗೆ ಬರೆದು ಉತ್ತರಕ್ಕೆ ಕಾಯಬೇಡಿ.

ಟ್ರೆಡ್‌ಮಿಲ್ ಮಾಡಬಾರದು ಅಂತ ಎಲ್ಲೂ ಇಲ್ಲ. ಆದರೂ 7 ತಿಂಗಳಾದ ಮೇಲೆ ನಾನು ಬೇಡ ಅಂತೀನಿ. ಬಗ್ಗಿ ನೋಡಿದರೆ ಸ್ವಂತ ಕಾಲೇ ಕಾಣದಿರುವಾಗ ಓಡುವ ಬೆಲ್ಟಿನ ಮೇಲೆ ಯಾಕೆ ಹತ್ತಬೇಕು? ನನ್ನದು ಅತಿಯಾಯಿತು ಅನ್ನಿ, ಪರವಾಗಿಲ್ಲ.

ಪ್ರಶ್ನೆ: ಕುಕ್ಕರಗಾಲಲ್ಲಿ ಕೂತು ನೆಲ ಒರೆಸಿದರೆ ನಾರ್ಮಲ್ ಡೆಲಿವರಿ ಆಗುತ್ತಾ?

ಉತ್ತರ: ನೆಲ ಕ್ಲೀನ್ ಆಗುತ್ತದೆ.

ಪ್ರಶ್ನೆ: ಮೊದಲ ಮೂರು ತಿಂಗಳು ನಡೆದರೆ ಗರ್ಭ ಜಾರುತ್ತದೆ ಅಂತ ಅಜ್ಜಿ ಮಂಚ ಇಳಿಯೋಕೇ ಬಿಡುತ್ತಿಲ್ಲ.

ಉತ್ತರ: ಈ ಅವಧಿಯಲ್ಲಿ ಹೋಗುವ ಗರ್ಭಗಳಲ್ಲಿ ಸುಮಾರು ಅರ್ಧಕ್ಕೆ ಕ್ರೋಮೋಸೋಮಿನ ದೋಷ ಕಾರಣ, ನಡಿಗೆ ಅಲ್ಲ. ಅಜ್ಜಿಯನ್ನೂ ಕರಕೊಂಡು ವಾಕ್ ಹೋಗಿ.

ಪ್ರಶ್ನೆ: ರೀಲ್ಸ್‌ನಲ್ಲಿ ಒಬ್ಬರು 'ನೋವಿಲ್ಲದ ಹೆರಿಗೆ'ಗೆ 21 ದಿನದ ವ್ಯಾಯಾಮ ಕೋರ್ಸ್ ಮಾರುತ್ತಿದ್ದಾರೆ, 4,999 ರೂಪಾಯಿ. ಸೇರಲಾ?

ಉತ್ತರ: ಆ ದುಡ್ಡಲ್ಲಿ ಒಂದು ಜೊತೆ ಒಳ್ಳೆ ಶೂ ತಗೊಳ್ಳಿ. ಅಂಗಡಿಗೆ ಸಂಜೆ ಹೋಗಿ, ಕಾಲು ಊದಿರುವಾಗಲೇ ಅಳತೆ ನೋಡಿ.